ಹೊತ್ತು ಮುಳುಗುವ ಮೊದಲಿನ ಊಟ

ಕಾಗವಾಡದಲ್ಲಿ ಒಬ್ಬ ಜೈನ ಸಾವಕಾರರ ಕಿರಾಣಿ ಅಂಗಡಿಗೆ ತಕ್ಕಡಿ ರಿಪೇರಿಗೆ ಹೋಗಿದ್ದೆ. ಸಂತೆಯ ದಿನ, ಬಾಗಿಲ ತುಂಬ ಗಿರಾಕಿಗಳು. ಅಂಥಾದ್ದರಲ್ಲಿ ಸಾವಕಾರರು ಆಕಾಶ ನೋಡಿ ಎದ್ದು ನಿಂತರು.

"ಹೊತ್ತ ಮುಳಗೂದ್ರೊಳಗ ನಮ್ದು ಊಟ ಆಗಬೇಕ್ರಿ. ಕುಂಡ್ರಿ, ಬಂದೆ."

ಒಬ್ಬ ಗಿರಾಕಿಯೂ ಗೊಣಗಲಿಲ್ಲ. ಅಂಗಡಿಯ ಹಿಂದಿನ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ, ಅವರ ಮಕ್ಕಳ ನಗು ಕೇಳಿಸುತ್ತಿತ್ತು. ನನಗೆ ಹೊಟ್ಟೆ ಉರಿಯಿತು. ಮಗಳು ಎಚ್ಚರಿದ್ದಾಗ ನಾನು ಮನೆಯಲ್ಲಿ ಉಂಡು ಎಷ್ಟು ದಿನವಾಗಿತ್ತೋ. ನಾನು ಹೀಗೆ ಕೆಲಸ ಬಿಟ್ಟೆದ್ದರೆ ನಮ್ಮ ರಿಪೇರಿ ಅಂಗಡಿಯ ಮಾಲಕ, ನಾಳಿಂದ ಬರಬ್ಯಾಡ ಅಂತಿದ್ದ.

ಸಾವಕಾರರು ಬಾಯಿ ಒರೆಸುತ್ತ ಬಂದರು. ನನ್ನ ಮಾತು ಖಾರವಾಗೇ ಬಂತು.

"ನಿಮ್ಮ ಧರ್ಮ ಚಲೋ ಐತಿ ಬಿಡ್ರಿ. ಮಕ್ಕಳ ಜೋಡಿ ಉಣ್ಣಾಕ ಸೂಟಿ ಕೊಡತೈತಿ."

"ನಿಮ್ಮ ಧರ್ಮ ಬ್ಯಾಡ ಅಂದೈತೇನ್ರಿ?" ಅಂದರು.

ಮರುದಿನ ಮುಂಜಾನೆ ಹೆಂಡತಿಯ ಮುಂದೆ ಈ ಸಂಕಟ ತೋಡಿಕೊಂಡೆ. ಆಕೆ ಚಹಾ ಸೋಸುತ್ತ, "ಆದಿತ್ಯವಾರ ನಿಮಗೂ ಸೂಟಿ. ಅವತ್ತೂ ಹೊತ್ತ ಮುಳಗತೈತಿ. ನೀವು ಇಸ್ಪೀಟ ಆಡಾಕ ಹೋಗಿರತೀರಿ" ಅಂದಳು.

ಮುಂದಿನ ಆದಿತ್ಯವಾರ ಬಿಸಿಲಿರುವಾಗಲೇ ಕೈಕಾಲು ತೊಳೆದು ತಾಟಿನ ಮುಂದೆ ಕೂತೆ. ಅಡಿಗೆ ಆಗಿರಲಿಲ್ಲ. ನಾನು ಬರುತ್ತೇನೆಂದು ಮನೆಯಲ್ಲಿ ಯಾರೂ ನಂಬಿರಲಿಲ್ಲ.