ಜಯತ್ತೆ ಹುಡುಕಿಕೊಟ್ಟ ದೊಡ್ಡಪ್ಪ

ಜಯತ್ತೆಗೆ ಅಪರಿಚಿತರೆಂದರೆ ಸಹಿಸಲಾಗುತ್ತಿರಲಿಲ್ಲ. ದ್ವೇಷವೇನಲ್ಲ, ಯಾರನ್ನೂ ಆ ಸ್ಥಿತಿಯಲ್ಲಿ ಬಿಟ್ಟುಬರಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ, ಅಷ್ಟೆ. ಚನ್ನರಾಯಪಟ್ಟಣದಲ್ಲಿ ಹಾಸನದ ಬಸ್ಸು ಹತ್ತಿದರೆ ಶಾಂತಿಗ್ರಾಮ ಬರುವಷ್ಟರಲ್ಲಿ ಪಕ್ಕದ ಸೀಟಿನವರು ಭಾವನೋ ಬೀಗಿತ್ತಿಯೋ ಆಗಿರುತ್ತಿದ್ದರು. ಯಾವೂರು, ಯಾರ ಮನೆಯವರು, ಹೆಣ್ಣು ಎಲ್ಲಿಂದ ತಂದಿರಿ, ಎಲ್ಲಿಗೆ ಕೊಟ್ಟಿರಿ ಎಂದು ಕೇಳಿ, ಆಮೇಲೆ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಬೆರಳುಗೆಣ್ಣು ಎಣಿಸುತ್ತಾ ಕೂರುವಳು. ಕಣ್ಣು ತೆರೆದಳೆಂದರೆ ಸಂಬಂಧ ಸಿಕ್ಕಿತು ಎಂದರ್ಥ.

ಅವಳು ನಮ್ಮಪ್ಪನ ಅಕ್ಕ. ಚನ್ನರಾಯಪಟ್ಟಣಕ್ಕೆ ಮದುವೆಯಾಗಿ ಹೋದವಳು, ಗಂಡನ ತೆಂಗಿನಕಾಯಿ ಮಂಡಿಯಲ್ಲಿ ಅವನಿಗಿಂತ ಹೆಚ್ಚು ಹೊತ್ತು ಕೂತವಳು. ನಾನು ಅರಕಲಗೂಡಿನಿಂದ ರಜೆಗೆ ಹೋದಾಗಲೆಲ್ಲ ಅವಳೊಂದಿಗೆ ಜಗಳವಾಡುತ್ತಿದ್ದೆ. ಸುತ್ತಲಿನ ನಾಲ್ಕು ತಾಲ್ಲೂಕುಗಳಲ್ಲೇ ಹೆಣ್ಣು ಕೊಟ್ಟು ತಂದುಕೊಂಡ ಜನ ನಾವು. ಎಲ್ಲಿಂದ ಹೊರಟರೂ ದಾರಿ ಎಲ್ಲೋ ಕೂಡಿಯೇ ಕೂಡುತ್ತದೆ. ಎಲ್ಲರನ್ನೂ ನೆಂಟರೆಂದು ತೋರಿಸುವ ವಾದ ಏನನ್ನೂ ತೋರಿಸಿದಂತಾಗಲಿಲ್ಲ ಎಂಬುದು ನನ್ನ ಮೊದಲ ಆಕ್ಷೇಪ. ಇದು ಜಾತಿ ಕೇಳುವ ಮರ್ಯಾದಸ್ಥ ದಾರಿ ಎಂಬುದು ಎರಡನೆಯದು, ಹೆಚ್ಚು ಗಂಭೀರವಾದದ್ದು. ಮೊದಲನೆಯದಕ್ಕೆ ಅವಳು ನಕ್ಕುಬಿಡುತ್ತಿದ್ದಳು. ಎರಡನೆಯದಕ್ಕೆ ಒಂದು ಉತ್ತರವಿತ್ತು:

"ಅವ್ರು ಎಂಗೂ ಕೇಳೇ ಕೇಳ್ತಾರೆ ಕಣೆ. ಅವ್ರು ಕೇಳೋಕ್ ಮುಂಚೆ ನಾನೇ ಕೇಳ್ಬುಟ್ರೆ, ಕುಂತು ಉತ್ತರ ಹೇಳೋ ಕೆಲ್ಸ ಅವ್ರದು. ಲಾ ಓದಿದ್ದೀಯ, ಇಷ್ಟೂ ತಿಳಿಯಲ್ವಾ?"

ಹಾಸನದಲ್ಲಿ ಒಬ್ಬ ಸಾಬರ ಆಟೋದವನನ್ನು ಅವಳು ತಮ್ಮನೆಂದು ಕರೆಯುತ್ತಿದ್ದಳು. ಅವನ ತಾತ ಇವರ ಮಂಡಿಯಲ್ಲಿ ಕಾಯಿ ಕೊಳ್ಳುತ್ತಿದ್ದನಂತೆ. ಇದು ನನ್ನ ಆಕ್ಷೇಪಕ್ಕೆ ಉತ್ತರವೋ ಅಪವಾದವೋ ಎಂದು ಇನ್ನೂ ತೀರ್ಮಾನಿಸಿಲ್ಲ.

ಬೆಂಗಳೂರಿನ ಒಬ್ಬ ವಕೀಲರ ಬಳಿ ಜೂನಿಯರ್ ಆಗಿ ಸೇರಿದ ವರ್ಷ ನಾನಿದ್ದ ಪಿ.ಜಿ. ಕಟ್ಟಡ ಮಾರಾಟವಾಯಿತು. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಅಷ್ಟರಲ್ಲಿ ಮನೆ ಸಿಗದಿದ್ದರೆ ಊರಿಗೆ ಬಂದು ಅರಕಲಗೂಡು ಕೋರ್ಟಿನಲ್ಲೇ ಪ್ರಾಕ್ಟೀಸ್ ಮಾಡು ಎಂದು ಅಪ್ಪ ಹೇಳಿಬಿಟ್ಟ. ಜೂನಿಯರ್ ವಕೀಲರಿಗೆ ಸಿಗುವ ಸಂಬಳವನ್ನು ಸಂಬಳವೆನ್ನುವುದೇ ಉತ್ಪ್ರೇಕ್ಷೆ. ಬಾಡಿಗೆ ಒಂದು ಕಡೆ ಇರಲಿ, ಹತ್ತು ತಿಂಗಳ ಅಡ್ವಾನ್ಸ್ ಎಂದರೆ ಕನಸು. ಮೇಲಾಗಿ ಒಂಟಿ ಹುಡುಗಿ, ಅದರ ಮೇಲೆ ವಕೀಲೆ. ಒಬ್ಬ ಮಾಲೀಕರಂತೂ ಲಾಯರ್‌ಗೆ ಮನೆ ಕೊಟ್ಟರೆ ಬಿಡಿಸಿಕೊಳ್ಳುವವರು ಯಾರು ಎಂದು ಮುಖದ ಮೇಲೇ ಕೇಳಿದರು. ಆ ವಾದದಲ್ಲಿ ಹುರುಳಿತ್ತು.

ಸುದ್ದಿ ಕೇಳಿ ಜಯತ್ತೆ ಒಂದು ಚೀಲ ಕಾಯಿಯೊಂದಿಗೆ ಬಂದಿಳಿದಳು. ನಾವಿಬ್ಬರೂ ನೋಡಲು ಹೋದದ್ದು ವಿಜಯನಗರದ ಆಚೆ, ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಮಾಲೀಕರು ಪುಟ್ಟಸ್ವಾಮಿ ಎಂಬ ನಿವೃತ್ತ ಮೇಷ್ಟ್ರು. ಬಾಗಿಲಲ್ಲೇ ನಿಂತು ಫ್ಯಾಮಿಲಿಗೆ ಮಾತ್ರ ಎಂದರು. ಅತ್ತೆ ಅವರನ್ನು ಬಿಟ್ಟು ಅವರ ಹೆಂಡತಿ ರತ್ನಮ್ಮನವರ ಕಡೆ ತಿರುಗಿ, ನಿಮ್ಮ ಮಾತು ಹೊಳೆನರಸೀಪುರದ ಕಡೇದಲ್ವಾ ಎಂದಳು. ಹೌದು. ಕಣ್ಣು ಮುಚ್ಚಿದಳು, ಗೆಣ್ಣು ಎಣಿಸಿದಳು, ತೆರೆದಳು. ಕಾಫಿ ಬರುವಷ್ಟರಲ್ಲಿ ರತ್ನಮ್ಮ ಅತ್ತೆಗೆ ಚಿಕ್ಕಮ್ಮನ ಕಡೆಯಿಂದ ತಂಗಿಯಾಗಿದ್ದರು. ಕಾಫಿ ಮುಗಿಯುವಷ್ಟರಲ್ಲಿ ಅಡ್ವಾನ್ಸ್ ಮೂರು ತಿಂಗಳಿಗೆ ಇಳಿದಿತ್ತು, ಬಾಡಿಗೆಯೂ ನನ್ನ ಕೈಗೆ ಎಟುಕುವಷ್ಟು ತಗ್ಗಿತ್ತು.

ಆದರೆ ಗೆಲ್ಲುವ ಆತುರದಲ್ಲಿ ಜಯತ್ತೆ ಒಂದು ತಪ್ಪು ಮಾಡಿದ್ದಳು. ರತ್ನಮ್ಮ ಅವಳಿಗೆ ತಂಗಿಯಾದರೆ ನನಗೆ ಅತ್ತೆ. ಪುಟ್ಟಸ್ವಾಮಿಯವರು ಮಾವ. ಅವರ ಮಗ, ಮೈಸೂರಿನ ಬ್ಯಾಂಕಿನಲ್ಲಿದ್ದ ಮದುವೆಯಾಗದ ಸತೀಶ, ನನಗೆ ವರಸೆಯಾದ ಹುಡುಗ. ಇದು ನನಗೆ ಹೊಳೆಯುವ ಮೊದಲು ರತ್ನಮ್ಮನವರಿಗೆ ಹೊಳೆಯಿತು. ಎರಡನೇ ವಾರದಿಂದ ಮೇಲಕ್ಕೆ ಒಬ್ಬಟ್ಟು ಬರತೊಡಗಿತು. ಆಮೇಲೆ ಹೂವು. ಬಾಡಿಗೆ ಕೊಡಲು ಹೋದರೆ ನಿನ್ನ ಹತ್ತಿರ ಎಂಥಾ ಬಾಡಿಗೆಯಮ್ಮ ಎಂದು ಕೈ ಹಿಂದಕ್ಕೆ ಎಳೆದುಕೊಂಡರು. ಕರಾರುಪತ್ರದಲ್ಲಿ ಇಂಥದಕ್ಕೆ ಷರತ್ತಿರುವುದಿಲ್ಲ. ಬೇಡವೆಂದರೆ ಮನೆ ಹೋಗುತ್ತದೆ, ಮನೆಯೊಂದಿಗೆ ಊರು, ಕೆಲಸ. ಸುಮ್ಮನಿದ್ದರೆ ಸತೀಶ.

ಫೋನ್ ಮಾಡಿ ರೇಗಿದೆ. ಮಾರನೆಯ ದಿನವೇ ಅತ್ತೆ ಬಂದಳು. ಪುಟ್ಟಸ್ವಾಮಿಯವರ ಎದುರು ಕೂತು, ಅದೂ ಇದೂ ಮಾತಾಡುತ್ತಾ, ನಿಮ್ಮ ತಾಯಿ ಯಾವೂರಿನವರು ಎಂದು ಕೇಳಿದಳು. ರಾಮನಾಥಪುರದ ಪಕ್ಕದ ಹಳ್ಳಿ ಎಂದರು. ಅತ್ತೆ ಗೆಣ್ಣು ಎಣಿಸಿ, ಕಣ್ಣು ತೆರೆದು, ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯೋ ಶಿವನೇ, ನಮ್ಮವ್ವಂದೂ ಅದೇ ಊರು ಕಣಣ್ಣ. ನಿಮ್ಮವ್ವ, ನಮ್ಮವ್ವ ಒಂದೇ ಕೇರಿ ಎಣ್ಮಕ್ಳು, ಅಕ್ಕ-ತಂಗೀರು. ನೀನು ನಂಗೆ ಒಡುಟ್ಟಿದಂಗೆ."

ಪುಟ್ಟಸ್ವಾಮಿ ಅಣ್ಣನಾದರು, ನನಗೆ ದೊಡ್ಡಪ್ಪ. ಸತೀಶ ಕೂತಲ್ಲೇ ನನಗೆ ಅಣ್ಣನಾಗಿಬಿಟ್ಟ. ರತ್ನಮ್ಮನವರ ಮುಖ ಒಂದು ಗಳಿಗೆ ಬಾಡಿತು. ಆದರೆ ಗಂಡನಿಗೆ ತಂಗಿ ಸಿಕ್ಕ ಸಂತೋಷದ ಮುಂದೆ ಅದು ನಿಲ್ಲಲಿಲ್ಲ. ಅವರಿಗೆ ಒಡಹುಟ್ಟಿದವರು ಯಾರೂ ಇರಲಿಲ್ಲವಂತೆ.

ಮಹಡಿ ಮೆಟ್ಟಿಲಲ್ಲಿ ನಾನು ಅವಳನ್ನು ತಡೆದೆ. ಹೆಂಡತಿ ನಿನಗೆ ತಂಗಿ, ಗಂಡ ನಿನಗೆ ಅಣ್ಣ. ಹಾಗಾದರೆ ಅವರಿಬ್ಬರೂ ಪರಸ್ಪರ ಏನಾದರು ಎಂದು ಕೇಳಿದೆ.

"ಲೇ, ಮೆತ್ತಗೆ. ನಿಂಗೆ ಮನೆ ಬೇಕೋ, ಲೆಕ್ಕ ಬೇಕೋ?"

ನನಗೆ ಎರಡೂ ಬೇಕಿತ್ತು. ಮನೆ ಸಿಕ್ಕಿತು. ಸೋದರಸೊಸೆಯೆಂದೋ ತಮ್ಮನ ಮಗಳೆಂದೋ, ಬಾಡಿಗೆಯಂತೂ ಏರಲಿಲ್ಲ. ಅಂಥ ನೆಂಟಸ್ತಿಕೆಯ ದಾರಿಗಳಿಲ್ಲದ ಗೆಳತಿಯೊಬ್ಬಳು ಅದೇ ಬಡಾವಣೆಯಲ್ಲಿ ಇನ್ನೂ ಮನೆ ಹುಡುಕುತ್ತಿದ್ದಳು. ಜಾತಿಯ ಕುರಿತ ನನ್ನ ಎರಡನೆಯ ಆಕ್ಷೇಪವನ್ನು ನಾನು ಹಿಂತೆಗೆದುಕೊಂಡಿಲ್ಲ. ಅತ್ತೆಗೆ ಅದನ್ನು ಹೇಳಿದಾಗ ಅವಳು ಆ ಗೆಳತಿಯ ಊರು ಯಾವುದೆಂದು ಕೇಳಿದಳು.

ಜಯತ್ತೆ ಹೋದ ವರ್ಷ ತೀರಿಕೊಂಡಳು, ಮಧ್ಯಾಹ್ನ, ಮಂಡಿಯಲ್ಲಿ ಕೂತಿದ್ದಂತೆಯೇ. ಹೆಣ್ಣುಮಗಳು ಹೋದರೆ ತವರಿನವರು ಸೀರೆ ತಂದು ಹೊದಿಸಬೇಕು. ಅಪ್ಪ ಅರಕಲಗೂಡಿನಿಂದ ತಂದಿದ್ದ. ಅದನ್ನು ಹೊದಿಸುವ ಹೊತ್ತಿಗೆ ಹೆದ್ದಾರಿಯ ಬಸ್ಸಿಳಿದು ಪುಟ್ಟಸ್ವಾಮಿಯವರು ರತ್ನಮ್ಮನವರೊಂದಿಗೆ ಬಂದರು, ಕಂಕುಳಲ್ಲಿ ಇನ್ನೊಂದು ಸೀರೆ. ನಾನು ಸಾವಿನ ಸುದ್ದಿ ಹೇಳಿದ್ದೆ, ಸೀರೆಯ ಮಾತು ಆಡಿರಲಿಲ್ಲ. ಅಪ್ಪ ಒಂದು ಕ್ಷಣ ಅವರನ್ನು ನೋಡಿ, ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಗಂಡ "ತಂಗೀ" ಎಂದು ಅತ್ತರು, ಹೆಂಡತಿ "ಅಕ್ಕಾ" ಎಂದು ಅತ್ತರು.

ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬರು ನನ್ನ ಮೊಣಕೈ ತಿವಿದು ಇವರು ಯಾರು, ಯಾವ ಕಡೆಯಿಂದ ತವರು ಎಂದು ಕೇಳಿದರು. ನಾನು ದೊಡ್ಡಪ್ಪ ಎಂದೆ. ಅಷ್ಟಕ್ಕೆ ಬಿಡಲಿಲ್ಲ. ರಾಮನಾಥಪುರದ ಪಕ್ಕದ ಹಳ್ಳಿಯಿಂದ ಶುರುಮಾಡಿ, ಒಂದೇ ಕೇರಿಯ ಇಬ್ಬರು ಹೆಣ್ಣುಮಕ್ಕಳವರೆಗೆ ಹೇಳಿಕೊಂಡು ಬಂದೆ. ಮುದುಕಿ ಕಣ್ಣು ಕಿರಿದು ಮಾಡಿ ಯೋಚಿಸಿದರು.

"ಅಂಗಾದ್ರೆ ನಂಗೂ ತಮ್ಮ ಆಗ್ಬೇಕು ಕಣವ್ವ," ಎಂದು, ಪುಟ್ಟಸ್ವಾಮಿಯವರನ್ನು ಕರೆದು ಚಾಪೆಯಲ್ಲಿ ಜಾಗ ಬಿಟ್ಟರು.