ನೆಗಡಿಯ ಸುದ್ದಿಗೆ ಕಾದ ಅರ್ಲೀನ್

ಭಾನುವಾರ. ಇನ್ನೂ ಬೆಳಕು ಹರಿದಿಲ್ಲ. ಅಮೆರಿಕದ ಡರ್ಹಮ್ ಊರಿಗೆ ಊರೇ ಹೊದ್ದು ಮಲಗಿರುವಾಗ ಆಸ್ಪತ್ರೆಯ ಹಿಂಬದಿಗೆ ಒಂದು ಹಳೆಯ ಕಾರು ಬಂದು ನಿಲ್ಲುತ್ತದೆ. ಚರ್ಚಿಗೆಂದು ನೇರಳೆ ಬಣ್ಣದ ಉಡುಪು ತೊಟ್ಟ ಅರ್ಲೀನ್ ಪೆಟಿಫರ್ಡ್ ಇಳಿಯುತ್ತಾರೆ. ಅದಕ್ಕೊಪ್ಪುವ ಅಗಲ ಅಂಚಿನ ಟೋಪಿ ಮಾತ್ರ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಸಿಕೊಂಡು ಗಂಭೀರವಾಗಿ ಕೂತಿದೆ. ಸ್ಟಿಯರಿಂಗ್ ಹಿಡಿದಿರುವವರು ಗಂಡ ಕ್ಲೈಡ್, ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. "ನಿನ್ ಮಕ್ಕಳಿಗೆ ತಿಂಡಿ ಕೊಟ್ಟು ಬಾ ಹೋಗು. ನಂಗಂತೂ ಇವತ್ತೂ ತಣ್ಣನೆ ಕಾಫೀನೇ ಗತಿ," ಎಂದು ಅವರು ಗೊಣಗುತ್ತಾರೆ.

ಒಳಗೆ ಹೋದ ಅರ್ಲೀನ್ ಮೊಣಕೈವರೆಗೂ ತಿಕ್ಕಿ ತೊಳೆದು, ಮಾಸ್ಕು, ಗ್ಲೌಸು, ನಿಲುವಂಗಿ ತೊಟ್ಟು, ನಿನ್ನೆಯಷ್ಟೇ ಸೆಟ್ ಮಾಡಿಸಿದ ಕೂದಲ ಮೇಲೆ ಕಾಗದದ ಟೋಪಿ ಎಳೆದುಕೊಳ್ಳುತ್ತಾರೆ. ಮೈಬಿಸಿಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಿಂದ ಪುಟ್ಟ ಗಾಜಿನ ತಟ್ಟೆಗಳನ್ನು ಹೊರತೆಗೆಯುತ್ತಾರೆ. ಪ್ರತಿಯೊಂದರಲ್ಲೂ ಗುಲಾಬಿ ಬಣ್ಣದ ದ್ರವ, ಅದರ ಮೇಲೆ ಉಗುರಿನಗಲದ ಬಿಳಿಚಿದ ತುಣುಕುಗಳು. "ಹಳೇ ದ್ರವ ತೆಗಿ, ಹೊಸದು ಹಾಕು. ಇಷ್ಟೇ ಕಣಪ್ಪಾ ನನ್ ಕೆಲಸ," ಎನ್ನುತ್ತಾರೆ ಅವರು. "ಕೈ ನಡುಗಬಾರದು, ಮನಸ್ಸು ಎಲ್ಲೋ ಇರಬಾರದು. ಅಷ್ಟು ಸಾಕು."

ಆ ತುಣುಕುಗಳು ಥೈಮಸ್ ಗ್ರಂಥಿಯವು. ಎದೆಮೂಳೆಯ ಹಿಂದಿರುವ ಈ ಗ್ರಂಥಿ ರಕ್ತದ ಕಾವಲುಗಾರರ, ಅಂದರೆ ರೋಗ ತಡೆಯುವ ಬಿಳಿ ಕಣಗಳ, ಶಾಲೆ. ತಮ್ಮವರು ಯಾರು, ಹೊರಗಿನವರು ಯಾರು ಎಂದು ಅವರು ಕಲಿಯುವುದೇ ಇಲ್ಲಿ. ಎಲ್ಲೋ ಅಪರೂಪಕ್ಕೆ ಈ ಗ್ರಂಥಿಯೇ ಇಲ್ಲದ ಮಗು ಹುಟ್ಟುತ್ತದೆ. ಅಂಥ ಮಗುವಿಗೆ ಪಕ್ಕದ ಮನೆಯವರ ಸೀನೂ ಜೀವಕ್ಕೆ ಎರವಾಗಬಹುದು. ಇನ್ನೊಂದು ಕಡೆ, ಹಸುಗೂಸುಗಳ ಹೃದಯದ ಆಪರೇಷನ್ನಿನಲ್ಲಿ ವೈದ್ಯರು ದಾರಿ ಬಿಡಿಸಿಕೊಳ್ಳಲು ಥೈಮಸ್ಸಿನ ಒಂದಷ್ಟು ಭಾಗ ಕತ್ತರಿಸಿ ತೆಗೆಯುತ್ತಾರೆ. ಕಸದ ಬುಟ್ಟಿ ಸೇರಬೇಕಾದ ಆ ಚೂರು, ತಂದೆತಾಯಿ ಒಪ್ಪಿದರೆ, ಅರ್ಲೀನ್ ಕೈಗೆ ಬರುತ್ತದೆ. ಎರಡು ಮೂರು ವಾರ ಅವರು ಅದನ್ನು ದಿನಾ ಉಣಿಸಿ ಸಾಕುತ್ತಾರೆ. ಆಮೇಲೆ ವೈದ್ಯರು ಅದನ್ನು ಗ್ರಂಥಿ ಇಲ್ಲದ ಮಗುವಿನ ತೊಡೆಯೊಳಗೆ ನೆಡುತ್ತಾರೆ. ಪತ್ರಿಕೆಗಳಲ್ಲಿ ಬರುವುದು ವೈದ್ಯರ ಫೋಟೋ.

ಅರ್ಲೀನ್ ತಾಯಿ ತಂಬಾಕು ಕಾರ್ಖಾನೆಯಲ್ಲಿ ದುಡಿದವರು. ಅರ್ಲೀನ್ ಸ್ವತಃ ಬೆಳಗಿನ ತಿಂಡಿಯ ಹೋಟೆಲಿನಲ್ಲಿ ಬೆಣ್ಣೆ ಹಾಕಿದ ಮೆತ್ತನೆ ಬಿಸ್ಕಿಟ್ ಬೇಯಿಸುತ್ತಿದ್ದರು. ಮಕ್ಕಳು ಸ್ಕೂಲು ಸೇರಿದ ಮೇಲೆ ಸಂಜೆ ಕಾಲೇಜಿಗೆ ಹೋಗಿ ಲ್ಯಾಬಿನ ಕೆಲಸ ಕಲಿತರು. "ಹಿಟ್ಟನ್ನ ಜಾಸ್ತಿ ಮುಟ್ಟಿದ್ರೆ ಬಿಸ್ಕಿಟ್ ಕಲ್ಲಾಗುತ್ತೆ. ಇಲ್ಲೂ ಹಂಗೇ, ಕೈ ಹಗುರ ಇರ್ಬೇಕು," ಎನ್ನುತ್ತಾರೆ. ತುಣುಕುಗಳಿಗೆ ಕ್ರಿಸ್‌ಮಸ್ಸೂ ಗೊತ್ತಿಲ್ಲ, ಹಿಮವೂ ಗೊತ್ತಿಲ್ಲ. ಒಂದು ಚಳಿಗಾಲ ರಸ್ತೆಯೆಲ್ಲ ಮಂಜುಗಡ್ಡೆಯಾಗಿ ಊರೇ ಬಾಗಿಲು ಹಾಕಿಕೊಂಡಾಗ, ಜಾರದಿರಲೆಂದು ಶೂಗಳ ಮೇಲೆ ಕ್ಲೈಡ್‌ನ ಉಲ್ಲನ್ ಸಾಕ್ಸ್ ಎಳೆದುಕೊಂಡು ನಡೆದೇ ಬಂದಿದ್ದರು. ಸಾಕ್ಸ್ ಹಾಳಾದ ಸಂಕಟ ಕ್ಲೈಡ್‌ಗೆ ಇನ್ನೂ ಹೋಗಿಲ್ಲ.

ಯಾವ ತುಣುಕು ಯಾವ ಮಗುವಿಗೆ ಎಂದು ಲ್ಯಾಬಿನವರಿಗೆ ಹೇಳುವ ಪದ್ಧತಿಯಿಲ್ಲ. ಆದರೆ ವಿಲಾ ಎಂಬ ಪುಟ್ಟ ಹುಡುಗಿಯ ಹೆಸರು ತಿಳಿದುಬಂತು, ಅದೂ ಒಂದು ಕೆಟ್ಟ ದಿನದ ದೆಸೆಯಿಂದ. ಅವಳಿಗಾಗಿ ಸಾಕುತ್ತಿದ್ದ ತುಣುಕುಗಳ ಒಂದು ತಟ್ಟೆಯ ದ್ರವ ಅವತ್ತು ಮಸುಕಾಗಿತ್ತು. ಸೋಂಕು! ಆ ಕಂತನ್ನು ಪೂರ್ತಿ ಎಸೆಯಬೇಕಾಯಿತು. ಯಾವ ಮಗುವಿನ ಆಪರೇಷನ್ ಮುಂದೆ ಹೋಯಿತೆಂಬುದು ಆಗ ಅರ್ಲೀನ್ ಕಿವಿಗೂ ಬಿತ್ತು. "ಯಾರೂ ನನ್ನ ಬೈಯಲಿಲ್ಲ. ಬೈದಿದ್ರೇ ಚೆನ್ನಾಗಿತ್ತು," ಎನ್ನುತ್ತಾರೆ ಅರ್ಲೀನ್. "ಇನ್ನೊಂದು ಚೂರು ಬೇಕು ಅಂದ್ರೆ ಇನ್ನೊಂದು ಕೂಸಿನ ಎದೆ ಕೊಯ್ಯಬೇಕು. ಅದನ್ನ ದೇವರ ಹತ್ರ ಹೆಂಗಪ್ಪಾ ಕೇಳೋದು? ಪ್ರಾರ್ಥನೆಗೆ ಕೂತ್ರೆ ಬಾಯೇ ಬರ್ತಿರಲಿಲ್ಲ."

ಕೇಳದೆಯೇ ಇನ್ನೊಂದು ಚೂರು ಬಂತು. ಆ ಸಲ ಅರ್ಲೀನ್ ರಜದ ದಿನವೂ ಬೇರೆಯವರಿಗೆ ತಟ್ಟೆ ಮುಟ್ಟಗೊಡಲಿಲ್ಲ. ವಿಲಾಳ ತೊಡೆಗೆ ತುಣುಕು ಸೇರಿದ ಮೇಲೆ ಅವಳ ತಾಯಿ ತಬಿತಾ ನರ್ಸ್‌ಗಳ ಬೆನ್ನು ಹತ್ತಿ ಅರ್ಲೀನರನ್ನು ಹುಡುಕಿಸಿದಳು. ವೆಸ್ಟ್ ವರ್ಜೀನಿಯಾದ ಬೆಟ್ಟದೂರಿನ ಹುಡುಗಿ, ನಿದ್ದೆಗೆಟ್ಟ ಕಣ್ಣು.

"ಆ ತುಣುಕಿಗೆ ಅಡುಗೆ ಮಾಡಿ ಹಾಕಿದವರು ನೀವೇನಾ?"

"ಅಡುಗೆ ಏನು ಬಂತು ಮಗಳೇ, ಬಡಿಸಿದ್ದಷ್ಟೇ."

"ಒಳಗೆ ಬನ್ನಿ, ಅವಳನ್ನ ನೋಡಿ."

"ಬೇಡಮ್ಮಾ. ಮನೇಲಿ ಮೊಮ್ಮಕ್ಕಳಿದಾವೆ, ಎಲ್ಲರ ಮೂಗೂ ಸೋರೋ ನಲ್ಲಿ. ನಾನು ಗಾಜಿನಾಚೆಯಿಂದಲೇ ನೋಡ್ತೀನಿ."

ಗಾಜಿನಾಚೆ ವಿಲಾ ಅಂಗೈ ಒತ್ತಿ ನಿಂತಳು. ಅವಳ ಅಣ್ಣನೂ ಅವಳನ್ನು ನೋಡುತ್ತಿದ್ದದ್ದು ಹಾಗೆ ಗಾಜಿನ ಮೂಲಕವೇ. ಹೆಚ್ಚುಕಡಿಮೆ ವರ್ಷ ಕಳೆದ ಮೇಲೆ ರಕ್ತದಲ್ಲಿ ಹೊಸ ಕಾವಲುಗಾರರು ಕಾಣಿಸಿಕೊಂಡರು, ಮಗು ಊರಿಗೆ ಹೋಯಿತು. ವೈದ್ಯರೆಲ್ಲ ಕೇಕ್ ಕತ್ತರಿಸಿದರು. ಅರ್ಲೀನ್ ಮಾತ್ರ ಪೂರ್ತಿ ನಗಲಿಲ್ಲ. "ಕಾವಲುಗಾರ ಬಂದ ಅಂತ ರಿಪೋರ್ಟ್ ಹೇಳುತ್ತೆ. ಕಳ್ಳ ಬಂದಾಗ ಎದ್ದು ನಿಂತ್ನಾ ಅನ್ನೋದಲ್ವಾ ಮುಖ್ಯ?"

ಕಳ್ಳ ಬಂದದ್ದು ಕಳೆದ ತಿಂಗಳು. ಅಣ್ಣ ಸ್ಕೂಲಿನಿಂದ ನೆಗಡಿ ಹೊತ್ತು ತಂದ. ವಿಲಾಳಿಗೆ ಸೀನು, ಕೆಮ್ಮು, ಜ್ವರ. "ಮಿಸ್ ಅರ್ಲೀನ್, ಡಾಕ್ಟರು ಕಾದು ನೋಡೋಣ ಅಂದ್ರು. ನಂಗೆ ಭಯ ಆಗ್ತಿದೆ," ಎಂದಳು ತಬಿತಾ ಫೋನಿನಲ್ಲಿ. ಆ ಭಾನುವಾರ ಅರ್ಲೀನ್ ಚರ್ಚಿನಲ್ಲಿ ಹಾಡಲಿಲ್ಲ. ಪಕ್ಕದಲ್ಲಿದ್ದವರು ಹಾಡುವಾಗ ಮಡಿಲಲ್ಲಿ ಫೋನ್ ಹಿಡಿದು ಕೂತಿದ್ದರು. ಫೋನ್ ಅದುರಿದ್ದು ಮಾರನೇ ದಿನ: "ಜ್ವರ ಬಿಡ್ತು. ಯಾವ ಸೂಜಿಯೂ ಬೇಕಾಗಲಿಲ್ಲ. ಅಣ್ಣನ ಬೊಂಬೆ ಕಿತ್ಕೊಂಡು ಜಗಳ ಆಡ್ತಿದಾಳೆ." ಜೊತೆಗೊಂದು ಫೋಟೋ.

ಇವತ್ತಿನ ಊಟ ಬಡಿಸಿ ಮುಗಿಯಿತು. ಕಾರಿಗೆ ಮರಳಿದ ಅರ್ಲೀನ್ ಚಪ್ಪಟೆಯಾದ ಕೂದಲನ್ನು ಶಪಿಸುತ್ತ ಟೋಪಿ ಏರಿಸಿಕೊಳ್ಳುತ್ತಾರೆ. ಮುಂದಿನ ಗಾಜಿನ ಮೂಲೆಗೆ ಆ ಫೋಟೋ ಅಂಟಿಸಿದ್ದಾರೆ: ಕೆದರಿದ ತಲೆ, ಕೆಂಪಗಾದ ಮೂಗು, ತುಟಿಯವರೆಗೂ ಇಳಿದ ಸಿಂಬಳ, ಅದರ ಕೆಳಗೆ ಬಾಯ್ತುಂಬ ನಗು.

ಕ್ಲೈಡ್ ಗಾಡಿ ಶುರುಮಾಡುತ್ತ ಅದನ್ನು ಮತ್ತೊಮ್ಮೆ ನೋಡುತ್ತಾರೆ. "ಅಲ್ಲಾ ಮಾರಾಯ್ತಿ, ಅವರಮ್ಮ ಮೂಗು ಒರೆಸಿ ಫೋಟೋ ತೆಗೀಬಾರದಿತ್ತಾ?"

"ಒರೆಸಿದ್ರೆ ಅದರಲ್ಲಿ ನೋಡೋಕೆ ಏನಿರ್ತಿತ್ತೋ?" ಎನ್ನುತ್ತಾರೆ ಅರ್ಲೀನ್. "ನಡಿ, ಹಾಡೋಕೆ ತಡ ಆಯ್ತು."