ಟೈಪಿಸ್ಟಮ್ಮ ಹೇಳಿ ಬರೆಸಿದ ಶಿಫಾರಸು

ಆ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಪ್ರೊಫೆಸರುಗಳು ಆರು ಮಂದಿ. ಶಿಫಾರಸು ಪತ್ರ ಬರೆಯುವವರು ಮಾತ್ರ ಒಬ್ಬರೇ, ಟೈಪಿಸ್ಟಮ್ಮ. ಹೊರದೇಶಕ್ಕೆ ಓದಲು ಹೊರಟ ಮಕ್ಕಳು ಪತ್ರ ಕೇಳಿದರೆ ಪ್ರೊಫೆಸರುಗಳು, "ಟೈಪಿಸ್ಟಮ್ಮನ ಹತ್ರ ಮಾಡಿಸ್ಕೊಂಡು ಬಾ, ಸಹಿ ಹಾಕ್ತೀನಿ" ಎಂದು ಕೈ ತೊಳೆದುಕೊಳ್ಳುತ್ತಿದ್ದರು.

ಆಕೆಯ ಕಂಪ್ಯೂಟರಿನಲ್ಲಿ ಮೂರು ಅಚ್ಚುಗಳಿದ್ದವು. ಹೆಚ್ಚು ಅಂಕ ಪಡೆದವರಿಗೆ 'ನನ್ನ ಸೇವಾವಧಿಯಲ್ಲಿ ಇಂಥ ಪ್ರತಿಭೆಯನ್ನು ಕಂಡಿಲ್ಲ', ನಡುವಿನವರಿಗೆ 'ಅವಿರತ ಶ್ರಮಜೀವಿ', ಉಳಿದವರಿಗೆ 'ಸಂಭಾವಿತ ಕುಟುಂಬದಿಂದ ಬಂದವರು'. ಹೆಸರು ಬದಲಿಸಿದರೆ ಮುಗಿಯಿತು. ಒಮ್ಮೆ ಕೈತಪ್ಪಿ ವಿದ್ಯಾರ್ಥಿಯ ಹೆಸರಿನ ಜಾಗದಲ್ಲಿ ವಿಭಾಗದ ಮುಖ್ಯಸ್ಥರ ಹೆಸರೇ ಬಿದ್ದಿತ್ತು. ತಾವು ಅವಿರತ ಶ್ರಮಜೀವಿ ಎಂಬ ಪತ್ರಕ್ಕೆ ಅವರೇ ಸಹಿ ಹಾಕಿ ಕಳುಹಿಸಿದರು. ಅವರ ವಿಷಯದಲ್ಲಿ ಅಂಥ ಮಾತಾಡಿದವರು ಅವರೊಬ್ಬರೇ.

ಓದಿ ಸಹಿ ಹಾಕುವ ದುರಭ್ಯಾಸವಿದ್ದದ್ದು ಒಬ್ಬರಿಗೆ. ಮಕ್ಕಳು ಅವರನ್ನು ಮೊಂಡು ಮೇಷ್ಟ್ರು ಎಂದು ಕರೆದು, ದೂರದಿಂದಲೇ ನಮಸ್ಕಾರ ಹಾಕುತ್ತಿದ್ದರು.

ಒಂದು ದಿನ ಹುಡುಗಿಯೊಬ್ಬಳು ಅವರಿಗೇ ಗಂಟುಬಿದ್ದಳು. ಹೊರದೇಶದ ವಿಶ್ವವಿದ್ಯಾಲಯವೊಂದರ ಅರ್ಜಿಗೆ ಬೇಕಾದ ಮೂರು ಪತ್ರಗಳಲ್ಲಿ ಎರಡು ಸಿಕ್ಕಿದ್ದವು. ಮೂರನೆಯದನ್ನು ಕೊಡಬೇಕಾದವರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು. ಸಂಜೆ ಐದಕ್ಕೆ ಗಡುವು. ತಪ್ಪಿದರೆ ಅರ್ಜಿಯೇ ಬಿದ್ದುಹೋಗುತ್ತಿತ್ತು.

ಟೈಪಿಸ್ಟಮ್ಮ ಮೊದಲ ಅಚ್ಚನ್ನೇ ತೆಗೆದು ಮುಂದಿಟ್ಟರು. ಮೊಂಡು ಮೇಷ್ಟ್ರು ಓದಿ ಕನ್ನಡಕ ತೆಗೆದರು.

"ಇಂಥ ಪ್ರತಿಭೆ ಕಂಡಿಲ್ಲ ಅಂತೀರಿ. ಹೋದ ವಾರಾನೂ ನಾಲ್ಕು ಜನ ಇಂಥವರಿದ್ರಂತಲ್ಲ."

"ಹೊಗಳಿದ್ರೆ ಯಾರ ಗಂಟು ಹೋಗುತ್ತೆ ಸಾರ್? ಹಾಕಿ ಸಹಿ."

"ನನ್ನ ಕ್ಲಾಸಲ್ಲಿ ಇವಳು ಕೂತಿದ್ದು ಒಂದೇ ಟರ್ಮು. ಗುಂಗುರು ಕೂದಲು ಬಿಟ್ಟರೆ ನನಗೇನೂ ನೆನಪಿಲ್ಲ. ನಿಮಗೆ ಗೊತ್ತಾ ಇವಳು?"

"ಮೂರು ವರ್ಷದಿಂದ ನೋಡ್ತಿದೀನಿ."

"ಹಾಗಾದ್ರೆ ಏಳಿ ಮೇಲೆ. ನೀವು ಹೇಳಿ, ನಾನು ಟೈಪ್ ಮಾಡ್ತೀನಿ."

ಮೇಷ್ಟ್ರು ಆಕೆಯ ಕುರ್ಚಿಯಲ್ಲಿ ಕೂತು, ಅಕ್ಕಿಯಲ್ಲಿ ಕಲ್ಲು ಹುಡುಕುವವರಂತೆ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕತೊಡಗಿದರು. ಟೈಪಿಸ್ಟಮ್ಮ ಇಪ್ಪತ್ತೆರಡು ವರ್ಷ ಬೇರೆಯವರ ಬಾಯಿಂದ ಊರವರನ್ನೆಲ್ಲ ಹೊಗಳಿಸಿದ್ದರು. ನಿನ್ನ ಕಣ್ಣಿಗೇನು ಕಂಡಿತೆಂದು ಯಾರೂ ಕೇಳಿರಲಿಲ್ಲ. ಗಡಿಯಾರದಲ್ಲಿ ನಾಲ್ಕೂ ಹತ್ತು.

"ಲ್ಯಾಬಿನ ಬೀಗದಕೈ ನನ್ನ ಹತ್ರ ಇರುತ್ತಲ್ಲ ಸಾರ್," ಎಂದು ಮೆಲ್ಲಗೆ ಶುರುಮಾಡಿದರು. "ಹೋದ ವರ್ಷ ಒಂದಿನ ಎಲ್ಲರೂ ಮನೆಗೆ ಹೋದ್ಮೇಲೆ ಬಂದು ಕೇಳಿದ್ಲು. ಇಣುಕಿ ನೋಡಿದ್ರೆ, ಬೆಳಿಗ್ಗೆ ಪ್ರಯೋಗ ಮಾಡಿ ಬರೆದಿದ್ದನ್ನ ತಾನೇ ಹೊಡೆದು ಹಾಕ್ತಾ ಕೂತಿದ್ಲು. ಉತ್ತರ ಸರಿ ಬಂದಿತ್ತು, ಮಾರ್ಕ್ಸೂ ಹಾಕಿ ಆಗಿತ್ತು. 'ಸರಿ ಬಂದಿದ್ದು ಅದೃಷ್ಟ ಅಕ್ಕ, ನಾನು ಅಳೆದಿದ್ದು ತಪ್ಪು' ಅಂತ ಮತ್ತೆ ಮೊದಲಿಂದ ಮಾಡಿದ್ಲು. ಎರಡು ಫ್ಲಾಸ್ಕ್ ಒಡೆದ್ಲು."

"ಅಕ್ಕ, ಫ್ಲಾಸ್ಕ್ ಬೇಡ," ಎಂದಳು ಹುಡುಗಿ.

"ಫ್ಲಾಸ್ಕ್ ಇರಲಿ," ಎಂದರು ಮೇಷ್ಟ್ರು.

ಕೊನೆಗೆ ತಮ್ಮದೊಂದು ಸಾಲು ಸೇರಿಸಿದರು: 'ಇದನ್ನು ಕಂಡವರು ನಮ್ಮ ವಿಭಾಗದ ಟೈಪಿಸ್ಟ್, ನಾನು ಅಕ್ಷರ ಕುಟ್ಟಿದವನು ಮಾತ್ರ.' ಹುಡುಗಿಯ ಮುಖ ಇಳಿದುಹೋಯಿತು.

"ಟೈಪಿಸ್ಟ್ ಮಾತು ಯಾರು ಕೇಳ್ತಾರೆ ಸಾರ್?" ಎಂದರು ಟೈಪಿಸ್ಟಮ್ಮ.

"ನನ್ನ ಮಾತು ಮನೇಲೂ ಯಾರೂ ಕೇಳಲ್ಲ. ನಿಮ್ಮದನ್ನಾದ್ರೂ ಕೇಳ್ತಾರೇನೋ ನೋಡೋಣ."

ಐದಕ್ಕೆ ಎಂಟು ನಿಮಿಷವಿರುವಾಗ ಪತ್ರ ಹೋಯಿತು.

ಮೂರು ವಾರದ ಮೇಲೆ ಆ ವಿಶ್ವವಿದ್ಯಾಲಯದಿಂದ ಬಂದ ಉತ್ತರ ಮೇಷ್ಟ್ರಿಗಲ್ಲ, ನೇರವಾಗಿ ಟೈಪಿಸ್ಟಮ್ಮನಿಗೆ. ಅದರಲ್ಲಿದ್ದದ್ದು ಒಂದೇ ಪ್ರಶ್ನೆ: 'ಎರಡನೆಯ ಸಲ ಮಾಡಿದಾಗ ಉತ್ತರ ಏನು ಬಂತು?'

ಟೈಪಿಸ್ಟಮ್ಮ ಯಾರನ್ನೂ ಕೇಳಲಿಲ್ಲ. 'ತಪ್ಪು ಬಂತು. ಮಾರನೆಯ ದಿನ ಮತ್ತೆ ಬೀಗದಕೈ ಕೇಳಿದಳು' ಎಂದು ಬರೆದು, ಕೆಳಗೆ ತಮ್ಮದೇ ಹೆಸರು ಹಾಕಿ ಕಳುಹಿಸಿದರು.

ಆ ವಾರದಲ್ಲೇ ಹುಡುಗಿಗೆ ಸೀಟು ಬಂತು. ಇಂಥ ಪ್ರತಿಭೆಯನ್ನು ಕಂಡೇ ಇಲ್ಲವೆಂದಿದ್ದ ಇನ್ನಿಬ್ಬರು ಪ್ರೊಫೆಸರುಗಳನ್ನು ಅಲ್ಲಿಯವರು ಏನೂ ಕೇಳಲಿಲ್ಲ.